ಹಸಿರು ಚೀಟಿಯ ಡಬ್ಬಿ

ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ ಬಂದ ದೂರನ್ನು ಓದಿ ಠಾಣೆಯ ರೈಟರ್ ಮೊದಲು ನಕ್ಕುಬಿಟ್ಟ. ಕಳವಲ್ಲ, ಹೊಡೆದಾಟವಲ್ಲ, ಮೈಗೆ ಹಚ್ಚುವ ಕ್ರೀಮಿನ ವಾಸನೆ ಸರಿಯಿಲ್ಲ ಎಂಬ ದೂರು. ತಂದವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು, ಆರು ತಿಂಗಳ ಬಸುರಿ. ರೈಟರ್ ನಕ್ಕಿದ್ದನ್ನು ಅವಳು ನೋಡಿದಳು. ನೋಡಿಯೂ ಎದ್ದು ಹೋಗಲಿಲ್ಲ. ಕೈಚೀಲದಿಂದ ಎರಡು ಬಿಳಿ ಡಬ್ಬಿಗಳನ್ನು ತೆಗೆದು ಮೇಜಿನ ಮೇಲಿಟ್ಟು ಬೆಂಚಿನ ತುದಿಯಲ್ಲಿ ಕೂತಳು.

ಇನ್‌ಸ್ಪೆಕ್ಟರ್ ಒಳಗಿನ ಕೋಣೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ರೈಟರನ್ನು ಚಹಾ ತರಲು ಅಟ್ಟಿ, ಆಕೆಯನ್ನು ಡಬ್ಬಿಗಳ ಸಮೇತ ಒಳಗೆ ಕರೆದು ಕೂರಿಸಿಕೊಂಡರು. ಬೇಡದವರನ್ನು ಹೊರಗಟ್ಟುವ ಅವರ ಉಪಾಯವೇ ಚಹಾ.

ಆಕೆ ಹೇಳಿದ್ದು ಇಷ್ಟು. ಈ ಕ್ರೀಮನ್ನು ಅವಳು ಎಷ್ಟೋ ವರ್ಷಗಳಿಂದ ಹಚ್ಚುತ್ತಿದ್ದಾಳೆ. ಚಳಿಗಾಲದ ನಡುವೆ ಆರೋಗ್ಯ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಕ್ರೀಮಿಗೆ ಹಾಕುವ ಒಂದು ಪರಿಮಳ ದ್ರವ್ಯದಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗಬಹುದು ಎಂಬ ಅನುಮಾನವಿದೆ, ಅದನ್ನು ಇನ್ನು ಮುಂದೆ ಯಾರೂ ಬಳಸಕೂಡದು ಎಂದು ಅದರಲ್ಲಿತ್ತು. ಕಾರ್ಖಾನೆಯವರು ಹಳೆಯ ಡಬ್ಬಿಗಳನ್ನು ವಾಪಸು ತರಿಸಿಕೊಂಡು, ಬೇರೆ ಪರಿಮಳ ಹಾಕಿ, ಮುಚ್ಚಳಕ್ಕೆ ಹಸಿರು ಚೀಟಿ ಅಂಟಿಸಿ ಮಾರತೊಡಗಿದರು. ಡಾಕ್ಟರು ಹೇಳಿದಂತೆ ಅವಳು ಹಳೆಯದನ್ನು ಎಸೆದು ಹಸಿರು ಚೀಟಿಯದನ್ನೇ ಕೊಂಡಳು. ಹೊಟ್ಟೆಯ ಚರ್ಮ ಬಿಗಿದು ತುರಿಸುತ್ತಿದ್ದುದರಿಂದ ದಿನಕ್ಕೆರಡು ಸಲ ಅಲ್ಲಿಗೇ ಹಚ್ಚುತ್ತಿದ್ದಳು. ಈಗ ಖಾಲಿಯಾಗಿದ್ದ ಮೊದಲ ಡಬ್ಬಿ ಅವಳ ಕನ್ನಡಕದ ಅಂಗಡಿಯ ಪಕ್ಕದ ದೊಡ್ಡ ಮಳಿಗೆಯದು. ಎರಡನೆಯದು ಮನೆಯ ಹತ್ತಿರದ ಬಸ್ ನಿಲ್ದಾಣದ ಅಂಗಡಿಯದು. ಎರಡನೆಯದರಲ್ಲಿ ಹಳೆಯ ವಾಸನೆಯೇ ಇತ್ತು.

"ಅಂಗಡಿಯವನನ್ನ ಕೇಳಿದ್ರಾ?"

"ಕೇಳ್ದೆ. ಬಸುರೀಲಿ ಹಾಗೆಲ್ಲ ಅನ್ಸುತ್ತೆ ಅಂದ. ಡಾಕ್ಟ್ರ ಹತ್ರ ಇರೋ ನರ್ಸೂ ಹಾಗೇ ಅಂದ್ರು. ಮೊದಮೊದಲು ನಂಗೂ ಹಾಗೇ ಅನ್ನಿಸಿ ಹಚ್ಕೊಳ್ತಾನೇ ಇದ್ದೆ ಮೇಡಂ." ಅವಳು ಎರಡನೆಯ ಡಬ್ಬಿಯನ್ನು ಮುಂದೆ ತಳ್ಳಿದಳು. "ಹೋದ ಸಲ ನಾಲ್ಕನೇ ತಿಂಗಳಲ್ಲಿ ಹೋಯ್ತು. ಈ ಸಲ ಹಾಗಾಗ್ಬಾರ್ದು."

ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಾಗ ಯಾರೂ ಇಲ್ಲ ಎಂದಳು. ಗಂಡ ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಹಡಗು ದಡ ಮುಟ್ಟಿದರೆ ಫೋನು, ಇಲ್ಲದಿದ್ದರೆ ಇಲ್ಲ. ತಾಯಿ ತೀರಿಕೊಂಡಿದ್ದಾರೆ. ಕನ್ನಡಕ ಹಾಕಿಸಿಕೊಳ್ಳಲು ಬಂದವರ ಹತ್ತಿರ ಆಡುವ ನಾಲ್ಕು ಮಾತು ಬಿಟ್ಟರೆ ದಿನವೆಲ್ಲ ಬಾಯಿಗೆ ಬೀಗ. ದಿನಾ ಬಸ್ಸಿನಲ್ಲಿ ಒಬ್ಬ ಯಜಮಾನರು ಎದ್ದು ಸೀಟು ಕೊಡುತ್ತಾರೆ, ಹೇಗಿದ್ದೀಯಮ್ಮ, ಮಗು ಆಡ್ತಿದೆಯಾ ಎಂದು ಕೇಳುತ್ತಾರೆ, ಅಷ್ಟೇ, ಎಂದಳು. ಕೇಳದಿದ್ದರೂ ಹೇಳಿದ ಮಾತು ಅದೊಂದೇ.

ಇನ್‌ಸ್ಪೆಕ್ಟರ್ ಎರಡೂ ಡಬ್ಬಿಗಳನ್ನು ಮೂಸಿ ನೋಡಿದರು. ಅವರಿಗೆ ಎರಡೂ ಕ್ರೀಮಿನಂತೆಯೇ ಕಂಡವು. ಅವರು ಇಂಥದ್ದನ್ನು ಹಚ್ಚಿ ಎಷ್ಟು ಕಾಲವಾಯಿತೋ ಅವರಿಗೇ ನೆನಪಿರಲಿಲ್ಲ. ಆದರೆ ಸುಳ್ಳು ಹೇಳುವವರು ಖಾಲಿ ಡಬ್ಬಿಯನ್ನು ತೊಳೆಯದೆ ಜೋಪಾನವಾಗಿ ಇಟ್ಟುಕೊಂಡು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಹೆಡ್ ಕಾನ್‌ಸ್ಟೇಬಲ್‌ನನ್ನು ಕರೆದರು. ಠಾಣೆಯಲ್ಲಿ ಎಲ್ಲರೂ ಅವನನ್ನು ಪಂಚನಾಮೆ ಎಂದೇ ಕರೆಯುತ್ತಾರೆ. ಠಾಣೆಯಲ್ಲಿ ಪೆನ್ನು ಕಳೆದರೂ ಇಬ್ಬರು ಪಂಚರನ್ನು ಸಾಕ್ಷಿಗೆ ಕೂರಿಸಿ ಬರೆಯುವ ಜಾಯಮಾನ ಅವನದು. ಎರಡು ಡಬ್ಬಿಗಳಿಗೆ ಮೂರು ಪುಟ ಬರೆದು, ಅರಗಿನ ಮುದ್ರೆ ಒತ್ತಿ, ಪ್ರಯೋಗಾಲಯಕ್ಕೆ ಕಳಿಸಿದ.

ಇಪ್ಪತ್ತೊಂದನೇ ತಾರೀಕು ವರದಿ ಬಂತು. ಮೊದಲ ಡಬ್ಬಿ ಶುದ್ಧ. ಎರಡನೆಯದರಲ್ಲಿ ನಿಷೇಧಿಸಿದ ದ್ರವ್ಯ ಇತ್ತು. ಹಿಂದೆ ಹಾಕುತ್ತಿದ್ದುದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಅಂದೇ ಮಧ್ಯಾಹ್ನ ಎಫ್‌ಐಆರ್ ದಾಖಲಾಯಿತು. ರೈಟರ್ ಈ ಸಲ ನಗಲಿಲ್ಲ. ಅವನ ಹೆಂಡತಿಯೂ ಅದೇ ಕ್ರೀಮು ಹಚ್ಚುತ್ತಿದ್ದಳಂತೆ.

ಕಾರ್ಖಾನೆ ಊರಿನ ಅಂಚಿನಲ್ಲಿತ್ತು. ಮಾಲೀಕ ಗಾಬರಿಯಾಗಿದ್ದ, ಗಾಬರಿಗೆ ತಕ್ಕಂತೆ ಮಾತೂ ಜಾಸ್ತಿ. ಆ ದ್ರವ್ಯದ ರಾಸಾಯನಿಕ ಹೆಸರು ಉದ್ದವಿದ್ದುದರಿಂದ ಕಾರ್ಖಾನೆಯಲ್ಲಿ ಅದನ್ನು ಬಿಳಿಹೂವು ಎನ್ನುತ್ತಿದ್ದರು. ಸುತ್ತೋಲೆ ಬಂದಾಗ ಉಗ್ರಾಣದಲ್ಲಿ ಮೂರು ಡ್ರಮ್ ಬಿಳಿಹೂವು ಇತ್ತು. ಅಧಿಕಾರಿಗಳ ಮುಂದೆ, ಪಂಚರ ಸಮಕ್ಷಮ, ಮೂರನ್ನೂ ಸುಡಿಸಿದ್ದಾಗಿ ಹೇಳಿ ಮಾಲೀಕ ಪಂಚನಾಮೆಯ ಪ್ರತಿಯನ್ನೂ ತೋರಿಸಿದ. ಪಂಚರಲ್ಲಿ ಒಬ್ಬರು ಕಾರ್ಖಾನೆಯ ಪರಿಮಳ ಪರೀಕ್ಷಕರು. ಡ್ರಮ್ಮಿನಲ್ಲಿರುವುದು ಬಿಳಿಹೂವೇ ಎಂದು ಮೂಸಿ ಖಚಿತಪಡಿಸಿದ್ದು ಅವರೇ. ಮೂವತ್ತು ವರ್ಷದಿಂದ ಅದೇ ಕೆಲಸ. ಕಾರ್ಖಾನೆಯವರೆಲ್ಲ ಅವರನ್ನು ಮೂಗು ಮೇಷ್ಟ್ರು ಎನ್ನುತ್ತಾರೆ.

"ಪಂಚನಾಮೆ ಆಗಿದೆ ಅಂದ್ಮೇಲೆ ಮುಗೀತು ಮೇಡಂ. ಹೊರಗಿನವರು ಯಾರೋ ನಕಲಿ ಮಾಡ್ತಿದಾರೆ," ಎಂದ ಹೆಡ್ ಕಾನ್‌ಸ್ಟೇಬಲ್. ಪಂಚನಾಮೆಯ ವಿಷಯದಲ್ಲಿ ಅವನ ನಂಬಿಕೆ ಅಷ್ಟು ಗಟ್ಟಿ.

ಇನ್‌ಸ್ಪೆಕ್ಟರ್ ಅವನನ್ನು ಕರೆದುಕೊಂಡು ಡ್ರಮ್ಮು ಸುಟ್ಟ ಕುಲುಮೆಗೆ ಹೋದರು. ಸಣ್ಣ ಕುಲುಮೆ, ದಿನಕ್ಕೆ ಒಂದೇ ಡ್ರಮ್ಮು ಹಿಡಿಸುತ್ತಿದ್ದುದು. ಕುಲುಮೆಯವನಿಗೆ ಆ ಮೂರು ದಿನ ಚೆನ್ನಾಗಿ ನೆನಪಿತ್ತು. ಕಾರಣ ಬೇರೆ. ಮೊದಲ ಎರಡು ದಿನ ಅವನ ಬಟ್ಟೆಗೆಲ್ಲ ಹೆಂಗಸರ ಕ್ರೀಮಿನ ವಾಸನೆ ಹತ್ತಿ, ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದ್ದಳು. ನಿಮ್ಮ ಇಲಾಖೆಯವರೂ ಹಾಗೆ ಕೇಳಲಿಕ್ಕಿಲ್ಲ ಎಂದ.

"ಮೂರನೇ ದಿನ?"

"ಮೂರನೇ ದಿನ ಏನೂ ಇಲ್ಲ. ಬರೀ ಎಣ್ಣೆ ಸುಟ್ಟ ವಾಸನೆ. ಅವತ್ತೇ ನೋಡಿ ನಂಗೆ ಊಟ ಸಿಕ್ಕಿದ್ದು."

ಹೆಡ್ ಕಾನ್‌ಸ್ಟೇಬಲ್ ಸರಸರನೆ ಹೋಗಿ ಜೀಪು ಹತ್ತಿದ. ಮೂರನೆಯ ಡ್ರಮ್ಮಿನ ಮುಚ್ಚಳಕ್ಕೆ ಮಾತ್ರ ಬಿಳಿಹೂವು ಸವರಿದ್ದಿರಬೇಕು, ಒಳಗಿದ್ದದ್ದು ಬೇರೆ ಎಣ್ಣೆ, ಪಂಚರು ಸಹಿ ಹಾಕಿದ್ದು ಸುಳ್ಳಿಗೆ ಎಂಬುದು ಅವನಿಗೆ ಮನೆಯವರೇ ಮೋಸ ಮಾಡಿದಷ್ಟು ನೋವು ಕೊಟ್ಟಿತ್ತು.

ಆದರೆ ಮೇಷ್ಟ್ರನ್ನು ಹಿಡಿಯಲು ಅಷ್ಟು ಸಾಲದು. ಯಾರೋ ಡ್ರಮ್ಮು ಬದಲಿಸಿ ಅವರ ಕಣ್ಣಿಗೂ ಮಣ್ಣೆರಚಿರಬಹುದು. ಊರಿನ ಅಂಗಡಿಗಳಿಂದೆಲ್ಲ ಹಸಿರು ಚೀಟಿಯ ಡಬ್ಬಿಗಳನ್ನು ಜಪ್ತಿ ಮಾಡಿ ತರುವಂತೆ ಇನ್‌ಸ್ಪೆಕ್ಟರ್ ಹೇಳಿದರು. ಜೀಪು ಕೆಟ್ಟಿತ್ತು. ಹೆಡ್ ಕಾನ್‌ಸ್ಟೇಬಲ್ ಬಸ್ಸಿನಲ್ಲಿ ಅಲೆದು ವಾರವಿಡೀ ಡಬ್ಬಿ ಹೊತ್ತು ತಂದ. ಪ್ರಯೋಗಾಲಯದವರು ಒಂದೊಂದಾಗಿ ಪರೀಕ್ಷಿಸಿ ಫಲಿತಾಂಶ ಕಳಿಸಿದರು. ಹೆಚ್ಚಿನವು ಶುದ್ಧ. ಬಿಳಿಹೂವು ಇದ್ದ ಡಬ್ಬಿಗಳು ಸಿಕ್ಕ ಅಂಗಡಿಗಳ ಹೆಸರನ್ನು ಅವನು ಬಾಯಿಪಾಠದಂತೆ ಒದರಿ, ಕೊನೆಗೆ ತನ್ನ ಗೋಳು ತೋಡಿಕೊಂಡ. ಊರೆಲ್ಲ ಬಸ್ಸು ಬದಲಿಸಿ ಬದಲಿಸಿ ಸೊಂಟ ಬಿದ್ದುಹೋಯಿತು, ಈ ಅಂಗಡಿಗಳಿಗೆ ಹೋದ ದಿನ ಮಾತ್ರ ಒಂದೇ ಬಸ್ಸಿನಲ್ಲಿ ಕೆಲಸ ಮುಗಿಯಿತು ಎಂದ.

"ಯಾವ ಬಸ್ಸು?"

"ಹನ್ನೆರಡನೇ ನಂಬರು ಮೇಡಂ. ಕಾರ್ಖಾನೆ ಗೇಟಿನಿಂದ ಹೊರಡುತ್ತಲ್ಲ, ಅದು." ಹೇಳುತ್ತಿದ್ದಂತೆಯೇ ಅವನ ಬಾಯಿ ತೆರೆದುಕೊಂಡಿತು.

ಏಪ್ರಿಲ್ ಎಂಟನೇ ತಾರೀಕು ಅವರು ಮತ್ತೆ ಕಾರ್ಖಾನೆಗೆ ಹೋದರು. ಪರಿಮಳ ಪರೀಕ್ಷಿಸುವ ಕೋಣೆಗೆ ಎಲ್ಲರಿಗೂ ಪ್ರವೇಶವಿಲ್ಲ. ಒಳಗೆ ಹೋಗುವವರು ಸುವಾಸನೆಯ ಸೋಪು ಹಚ್ಚಿರಬಾರದು, ಈರುಳ್ಳಿ ತಿಂದಿರಬಾರದು, ತಲೆಗೆ ಎಣ್ಣೆ ಬಳಿದಿರಬಾರದು. ಹೆಡ್ ಕಾನ್‌ಸ್ಟೇಬಲ್ ಮೂರರಲ್ಲೂ ಸಿಕ್ಕಿಬಿದ್ದು ಹೊರಗೇ ಉಳಿದ. ಬಾಗಿಲಲ್ಲಿದ್ದ ಸಹಾಯಕಿ ಇನ್‌ಸ್ಪೆಕ್ಟರ್ ಹತ್ತಿರ ಬಂದು ಉಸಿರೆಳೆದು, ನೀವು ಬರಬಹುದು ಮೇಡಂ, ನಿಮಗೆ ಯಾವ ವಾಸನೆಯೂ ಇಲ್ಲ ಎಂದಳು. ಹೊಗಳಿಕೆಯಾಗಿಯೇ ಹೇಳಿದ್ದಳು. ಇನ್‌ಸ್ಪೆಕ್ಟರಿಗೆ ಅದು ಒಳಗೆಲ್ಲೋ ಚುಚ್ಚಿತು. ಕ್ವಾರ್ಟರ್ಸಿನ ಒಂಟಿ ಕೋಣೆ, ಒಂದು ತಟ್ಟೆ, ಒಂದು ಲೋಟ ನೆನಪಾದವು.

ಬಿಳಿ ಟೈಲ್ಸಿನ ಕೋಣೆ. ಒಂದು ಉದ್ದನೆಯ ಮೇಜು, ಮೇಲೆ ಕಾಗದದ ಪಟ್ಟಿಗಳು. ಮೂಲೆಯಲ್ಲಿ ಒಂದು ಸಣ್ಣ ಕಡಾಯಿ. ಹೊಸ ಮಿಶ್ರಣಗಳನ್ನು ಮೊದಲು ಅದರಲ್ಲಿ ಮಾಡಿ ನೋಡುತ್ತಾರೆ, ಸರಿಬಂದದ್ದನ್ನು ಹಾಳು ಮಾಡದೆ ಡಬ್ಬಿಗೆ ತುಂಬಿ ಹತ್ತಿರದ ಅಂಗಡಿಗಳಿಗೆ ಕಳಿಸುತ್ತಾರೆ ಎಂದು ಸಹಾಯಕಿ ವಿವರಿಸಿದಳು. ಯಾವ ಅಂಗಡಿಗಳಿಗೆ ಎಂದು ಹೇಳುವುದು ಮೇಷ್ಟ್ರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವುದೂ ಅವರೇ.

ಮೇಷ್ಟ್ರು ಎದ್ದು ನಿಂತು ನಮಸ್ಕರಿಸಿದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಅದರ ಒಂದು ಗುಂಡಿಗೆ ಬೇರೆ ಬಣ್ಣದ ದಾರ. ಗುಂಡಿಯನ್ನು ಅವರೇ ಹೊಲಿದುಕೊಂಡಿದ್ದರೆಂದು ಇನ್‌ಸ್ಪೆಕ್ಟರಿಗೆ ನೋಡಿದೊಡನೆ ತಿಳಿಯಿತು.

ಜಪ್ತಿ ಮಾಡಿದ ಕ್ರೀಮುಗಳಲ್ಲಿ ಐದನ್ನು ಇನ್‌ಸ್ಪೆಕ್ಟರ್ ಗುರುತಿಲ್ಲದ ಬಟ್ಟಲುಗಳಲ್ಲಿ ತಂದಿದ್ದರು. ಯಾವುದರಲ್ಲಿ ಬಿಳಿಹೂವು ಇದೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಹೇಳಬೇಕು. ಮೊದಲು ಸಹಾಯಕಿ ಕೂತಳು. ಕ್ರೀಮು ಸವರಿದ ಒಂದು ಪಟ್ಟಿ ಮೂಸುವುದು, ಆಮೇಲೆ ಮೊಣಕೈ ಮಡಚಿ ತನ್ನದೇ ಚರ್ಮವನ್ನು ಮೂಸುವುದು, ಮತ್ತೆ ಇನ್ನೊಂದು ಪಟ್ಟಿ. ಅದೇಕೆ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಒಂದು ವಾಸನೆ ಮೂಗಿನಲ್ಲಿ ಕೂತಿರುವಾಗ ಇನ್ನೊಂದು ತಿಳಿಯುವುದಿಲ್ಲ, ಸ್ವಂತ ಮೈ ವಾಸನೆಯಿಂದ ಮೂಗು ತೊಳೆದುಕೊಳ್ಳಬೇಕು, ಮೇಷ್ಟ್ರು ಕಲಿಸಿದ ಮೊದಲ ಪಾಠವೇ ಅದು ಎಂದಳು. ನಾಲ್ಕನೆಯ ಪಟ್ಟಿಗೆ ಅವಳ ಮುಖ ಬಿಳಿಚಿತು. ಬಿಳಿಹೂವು, ಎಂದಳು, ಮೇಷ್ಟ್ರ ಕಡೆ ನೋಡದೆ.

ಅವಳನ್ನು ಹೊರಗೆ ಕಳಿಸಿ ಬಟ್ಟಲುಗಳ ಜಾಗ ಬದಲಿಸಿದರು. ಮೇಷ್ಟ್ರು ಕೂತರು. ಒಂದು ಪಟ್ಟಿ, ಮೊಣಕೈ. ಎರಡನೆಯದು, ಮೊಣಕೈ. ಮೂರನೆಯ ಪಟ್ಟಿಯನ್ನು ಮೂಸಿ, ಇದೂ ಹೊಸದೇ ಎಂದರು. ದನಿ ಅಲುಗಲಿಲ್ಲ. ಆದರೆ ಮೊಣಕೈ ಮೇಲೇಳಲಿಲ್ಲ. ಪಟ್ಟಿಯನ್ನು ಕೆಳಗಿಟ್ಟು, ಉಸಿರನ್ನು ಹಾಗೇ ಹಿಡಿದು, ಕಣ್ಣು ಅರೆಮುಚ್ಚಿ ಕೂತುಬಿಟ್ಟರು. ಎದುರಿಗೆ ಪೊಲೀಸರಿದ್ದಾರೆ ಎಂಬುದೂ ಆಗ ಅವರಿಗೆ ನೆನಪಿದ್ದಂತಿರಲಿಲ್ಲ.

ಬಿಳಿಹೂವಿದ್ದದ್ದು ಅದರಲ್ಲೇ. ತಪ್ಪು ಹೇಳಿದ್ದನ್ನು ವಯಸ್ಸಾಯಿತು ಎಂದು ತಳ್ಳಿಹಾಕಬಹುದಿತ್ತು. ಆದರೆ ಆ ವಾಸನೆಯನ್ನು ತೊಳೆದುಕೊಳ್ಳಲು ಈ ಮನುಷ್ಯನಿಗೆ ಮನಸ್ಸಿಲ್ಲ ಎಂಬುದನ್ನು ಇನ್‌ಸ್ಪೆಕ್ಟರ್ ಕಣ್ಣಾರೆ ಕಂಡಿದ್ದರು.

"ಮೇಷ್ಟ್ರೇ, ನೀವು ಮನೆಗೆ ಯಾವ ಬಸ್ಸಲ್ಲಿ ಹೋಗ್ತೀರಿ?"

"ಹನ್ನೆರಡು," ಎಂದರು ಅವರು, ಕಣ್ಣು ತೆರೆಯುತ್ತ.

ಅಂದು ಸಂಜೆ ನಾಲ್ಕಕ್ಕೆ ಮನೆ ಶೋಧನೆ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳು. ದರ್ಜಿಯೂ ಅವನ ತಮ್ಮನೂ ಪಂಚರು. ಎಲ್ಲ ಒಪ್ಪವಾಗಿತ್ತು. ಎರಡು ದಿಂಬುಗಳಲ್ಲಿ ಒಂದು ಮಾತ್ರ ನಡುವೆ ತಗ್ಗಾಗಿತ್ತು. ಕನ್ನಡಿಯ ಮುಂದೆ ಹಲ್ಲು ಮುರಿದ ಬಾಚಣಿಗೆ, ಒಂದು ಖಾಲಿ ಕ್ರೀಮಿನ ಡಬ್ಬಿ. ಮಂಚದ ಕೆಳಗೆ ಉಕ್ಕಿನ ಕ್ಯಾನುಗಳು, ಅವುಗಳ ತುಂಬ ಬಿಳಿಹೂವು. ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರ ಮನೆಗೆ ಬಂದ ಮೊದಲ ಜನ ನೀವೇ ಎಂದು ದರ್ಜಿ ಹೇಳಿದ. ಹೆಡ್ ಕಾನ್‌ಸ್ಟೇಬಲ್ ಪಂಚನಾಮೆ ಬರೆದ. ಎಂದೂ ಮೂರು ಪುಟಕ್ಕೆ ಕಡಿಮೆ ಬರೆಯದವನು ಅಂದು ಒಂದೂವರೆ ಪುಟಕ್ಕೆ ನಿಲ್ಲಿಸಿದ.

ಬಂಧನದ ನಂತರ ಠಾಣೆಯಲ್ಲಿ ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಡ್ರಮ್ಮು ಬದಲಿಸಿದ್ದು, ಬ್ಯಾಗಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಮನೆಗೆ ಸಾಗಿಸಿದ್ದು, ಬೆಳಿಗ್ಗೆ ಸಣ್ಣ ಕಡಾಯಿಗೆ ಬೆರೆಸುತ್ತಿದ್ದುದು, ಎಲ್ಲ ಒಪ್ಪಿಕೊಂಡರು. ಆ ವಾಸನೆ ಅವರ ಹೆಂಡತಿಯದು. ಮದುವೆಯಾದಾಗಿನಿಂದ ಆಕೆ ಹಚ್ಚಿದ್ದು ಅದೊಂದೇ.

"ಅಷ್ಟು ಬೇಕಿದ್ರೆ ಮನೇಲೇ ಇಟ್ಕೊಂಡು ಮೂಸಬಹುದಿತ್ತಲ್ಲ. ಡಬ್ಬಿಗೆ ಯಾಕೆ ಹಾಕಿದ್ರಿ?"

"ಕ್ಯಾನಲ್ಲಿದ್ರೆ ಅದು ಬರೀ ಕೆಮಿಕಲ್ ಮೇಡಂ. ನನ್ನ ಕೈಗೆ ಹಚ್ಕೊಂಡ್ರೂ ಬರಲ್ಲ, ನನ್ನ ಮೈ ವಾಸನೆನೇ ಮೇಲೆ ಬರುತ್ತೆ. ಹೆಂಗಸರ ಮೈಗೆ ಹತ್ತಿ, ಬಿಸಿಗೆ ಸ್ವಲ್ಪ ಹೊತ್ತು ಇರ್ಬೇಕು. ಬಸ್ಸಲ್ಲಿ ಯಾರಾದ್ರೂ ಪಕ್ಕದಲ್ಲಿ ಹಾದು ಹೋದ್ರೆ... ಒಂದು ನಿಮಿಷ ಬರ್ತಿತ್ತು."

"ಸುತ್ತೋಲೆ ಓದಿದ್ರಾ?"

"ಓದಿದ್ದೆ."

"ಬಸುರಿ ಹೆಂಗಸರ ವಿಷಯ ಅದ್ರಲ್ಲಿತ್ತಲ್ಲ."

ಮೇಷ್ಟ್ರು ಅಂಗಿಯ ಗುಂಡಿಯ ದಾರವನ್ನು ಬೆರಳಿಂದ ತಿರುವಿದರು.

"ನಮಗೆ ಮೂರು ಸಲ ಹೋಯ್ತು ಮೇಡಂ. ಮೂರನೇ ಸಲ ಆದ್ಮೇಲೆ ಅವಳು ಯಾಕೆ ಹೀಗೆ ಅಂತ ಕೇಳೋದೇ ಬಿಟ್ಳು. ಆ ಕ್ರೀಮು ಕಾರ್ಖಾನೇಲಿ ನಮಗೆ ಪುಕ್ಕಟೆ. ತಿಂಗಳು ತಿಂಗಳು ತಂದು ಅವಳ ಕೈಗೆ ಕೊಡ್ತಿದ್ದೋನು ನಾನು. ಸುತ್ತೋಲೆ ನಿಜ ಅಂದ್ರೆ... ಬಸ್ಸಲ್ಲಿ ಒಬ್ಬ ಹುಡುಗಿ ಬರ್ತಾಳೆ, ಬಸುರಿ. ಅವಳ ಮೈಮೇಲೆ ಆ ವಾಸನೆ ಇತ್ತು. ದಿನಾ ಸೀಟು ಬಿಟ್ಕೊಡ್ತಿದ್ದೆ. ಮಗು ಆಡ್ತಿದೆ ಅಂತಿದ್ಳು. ಅದೊಂದು ಚೆನ್ನಾಗಿ ಹುಟ್ಟಿಬಿಟ್ರೆ ಸಾಕು, ಸುತ್ತೋಲೆ ಸುಳ್ಳು ಅನ್ಕೊಂಡಿದ್ದೆ."

ಇನ್‌ಸ್ಪೆಕ್ಟರಿಗೆ ಕೋಪ ನೆತ್ತಿಗೇರಿತು. ಮೂವತ್ತು ವರ್ಷದ ನೌಕರಿಯಲ್ಲಿ ಕೊಲೆಗಾರರ ಮುಂದೆಯೂ ಅಷ್ಟು ಕೋಪ ಬಂದಿರಲಿಲ್ಲ. ಅದರ ಹಿಂದೆಯೇ ಬಂದ ಕನಿಕರವನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಮರುದಿನ ಹೇಳಿಕೆಗೆ ಸಹಿ ಹಾಕಲು ದೂರು ಕೊಟ್ಟವಳು ಬಂದಿದ್ದಳು. ಮೇಷ್ಟ್ರನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಹೊತ್ತೂ ಅದೇ ಆಯಿತು. ಪಡಸಾಲೆಯಲ್ಲಿ ಇಬ್ಬರೂ ಎದುರಾದರು. ಅವಳು ಮೊದಲು ಗುರುತಿನ ನಗು ನಕ್ಕಳು. ಆಮೇಲೆ ಬೇಡಿ ಕಂಡಿತು.

"ಇವರಾ?" ಎಂದಳು.

ಮೇಷ್ಟ್ರು ತಲೆ ತಗ್ಗಿಸಿಕೊಂಡೇ ದಾಟಿದರು. ಎರಡು ಹೆಜ್ಜೆ ಮುಂದೆ ಹೋಗಿ ನಿಂತರು. "ಮಗು ಆಡ್ತಿದೆಯೇನಮ್ಮ?"

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಆಡ್ತಿದೆ," ಎಂದಳು. ದಿನಾ ಹೇಳಿ ರೂಢಿಯಾದ ಮಾತು, ಬಾಯಿಯಿಂದ ಬಂದುಬಿಟ್ಟಿತ್ತು. ಜೀಪು ಹೋದ ಮೇಲೆ ಬೆಂಚಿನ ಮೇಲೆ ಕೂತು ಅತ್ತಳು. ನನ್ನನ್ನ ಕೇಳೋರು ಒಬ್ರಿದ್ರು, ಅವರೂ ಇದಕ್ಕಾ, ಎಂದಳು. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರು. ಇದುವರೆಗಿನ ಸ್ಕ್ಯಾನುಗಳಲ್ಲಿ ಎಲ್ಲ ಸರಿಯಿದೆ, ಮುಂದಿನದನ್ನು ಯಾರೂ ಬರೆದುಕೊಡಲಾರರು ಎಂದು ಡಾಕ್ಟರು ಹೇಳಿದ್ದನ್ನೇ ಅವರೂ ಹೇಳಿದರು. ಆಮೇಲೆ ಬಸ್ ನಿಲ್ದಾಣದವರೆಗೆ ಜೊತೆಗೆ ಹೋದರು. ಹನ್ನೆರಡನೇ ನಂಬರಿನ ಬಸ್ಸು ತುಂಬಿತ್ತು. ಇನ್‌ಸ್ಪೆಕ್ಟರ್ ಸಮವಸ್ತ್ರದಲ್ಲೇ ಹತ್ತಿ, ಮುಂದಿನ ಸೀಟಿನಲ್ಲಿದ್ದ ಒಬ್ಬನನ್ನು ಎಬ್ಬಿಸಿ ಅವಳನ್ನು ಕೂರಿಸಿದರು.

ಜೂನ್ ಕೊನೆಯ ವಾರ ಅವಳು ಕೂಸನ್ನು ಎತ್ತಿಕೊಂಡು ಠಾಣೆಗೆ ಬಂದಳು. ಹೆಣ್ಣು ಮಗು, ಆರೋಗ್ಯವಾಗಿತ್ತು. ಗಂಡನ ಹಡಗು ಇನ್ನೂ ದಡ ಮುಟ್ಟಿರಲಿಲ್ಲ. ಯಾರಿಗೆ ತೋರಿಸಬೇಕೋ ತಿಳಿಯಲಿಲ್ಲ, ಅದಕ್ಕೇ ಇಲ್ಲಿಗೆ ಬಂದೆ ಎಂದಳು. ಯಾರೂ ಹೇಳದಿದ್ದರೂ ರೈಟರ್ ಚಹಾ ತಂದ. ಹೆಡ್ ಕಾನ್‌ಸ್ಟೇಬಲ್ ಕೂಸಿನ ಹತ್ತಿರ ಹೋಗುವ ಮೊದಲು ತಲೆಯ ಎಣ್ಣೆ ಒರೆಸಿಕೊಂಡ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ಅವರಿಗೆ ಹೇಳಿಬಿಡಿ ಮೇಡಂ, ಎಂದಳು. ಯಾರಿಗೆ ಎಂದು ಇನ್‌ಸ್ಪೆಕ್ಟರ್ ಕೇಳಲಿಲ್ಲ.

ಜೈಲಿನ ಭೇಟಿಯ ಕೋಣೆಯಲ್ಲಿ ಮೇಷ್ಟ್ರು ಮೊದಲಿಗಿಂತ ಸಣ್ಣಗೆ ಕಂಡರು. ಇನ್‌ಸ್ಪೆಕ್ಟರ್ ಕೂರದೆಯೇ ಮಗುವಿನ ಸುದ್ದಿ ಹೇಳಿದರು. ಮೇಷ್ಟ್ರು ಕಂಬಿಯನ್ನು ಹಿಡಿದುಕೊಂಡರು.

"ಒಂದು ಮಗು ಚೆನ್ನಾಗಿ ಹುಟ್ಟಿದ್ರೆ ಅದರಿಂದ ಏನೂ ಸಾಬೀತಾಗಲ್ಲ, ಅಲ್ವಾ ಮೇಡಂ?"

"ಇಲ್ಲ ಮೇಷ್ಟ್ರೇ. ಆಗಲ್ಲ."

"ಗೊತ್ತಿತ್ತು," ಎಂದರು ಅವರು. "ಆಗ್ಲೂ ಗೊತ್ತಿತ್ತು." ಮೊಣಕೈ ಮಡಚಿ ಮೂಗಿನ ಹತ್ತಿರ ತಂದು ಒಮ್ಮೆ ಉಸಿರೆಳೆದುಕೊಂಡರು. ಆಮೇಲೆ, ಹೆಸರೇನು ಇಟ್ಟಿದ್ದಾರೆ ಎಂದು ಕೇಳಿದರು.